ಹಕ್ಕು ಕೇಳಲೂ ಒಂದು ವಿಳಾಸ ಬೇಕು



2022ರ ಸೆಪ್ಟೆಂಬರ್ 4ರ ರಾತ್ರಿ ಬೆಂಗಳೂರಿನಲ್ಲಿ 131.6 ಮಿಲಿಮೀಟರ್ ಮಳೆ ಸುರಿಯಿತು. ಬೆಳಗಾಗುವಷ್ಟರಲ್ಲಿ ಯಮಲೂರು, ಬೆಳ್ಳಂದೂರು, ಮಾರತಹಳ್ಳಿ, ಸರ್ಜಾಪುರ ರಸ್ತೆಯ ಬಡಾವಣೆಗಳೆಲ್ಲ ನೀರಲ್ಲಿ ನಿಂತಿದ್ದವು. ಲ್ಯಾಪ್‌ಟಾಪ್ ಚೀಲ ಎದೆಗವುಚಿಕೊಂಡು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೊರಟ ಸಾಫ್ಟ್‌ವೇರ್ ಉದ್ಯೋಗಿಗಳ ಚಿತ್ರ ದೇಶವನ್ನೆಲ್ಲ ಸುತ್ತಿತು. ಅದಕ್ಕೂ ಕೆಲವೇ ದಿನ ಮುಂಚೆ, ಆಗಸ್ಟ್ 30ರ ಮಳೆಯಿಂದ ಒಂದೇ ದಿನ 225 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರಿಗೆ ಪತ್ರ ಬರೆದಿತ್ತು. ಪತ್ರ ತಲುಪಿತು, ಪತ್ರಿಕೆಗಳ ಮುಖಪುಟಕ್ಕೂ ಬಂತು.

ಅದೇ ದಿನಗಳ ಮಳೆ ಮುನ್ನೇಕೊಳಲಿನ ಶೆಡ್ಡುಗಳಿಗೂ ನುಗ್ಗಿತು. ನೀಲಿ ಟಾರ್ಪಾಲಿನ, ತಗಡಿನ ಶೆಡ್ಡುಗಳು. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗುಳೆ ಬಂದವರು, ಪಶ್ಚಿಮ ಬಂಗಾಳ, ಅಸ್ಸಾಂ ಕಡೆಯಿಂದ ಬಂದು ಕಸ ಆರಿಸುವವರು, ಮನೆಗೆಲಸದವರು, ಗಾರೆ ಕೆಲಸದವರು ಅಲ್ಲಿದ್ದಾರೆ. ಅಕ್ಕಿ, ಹಾಸಿಗೆ, ಮಕ್ಕಳ ಪುಸ್ತಕ, ಒಂದು ವಾರದ ಕೂಲಿ ನೀರುಪಾಲಾಯಿತು. ಆ ನಷ್ಟವನ್ನು ಕೂಡಿಸಿ, ಲೆಟರ್‌ಹೆಡ್ ಮೇಲೆ ಟೈಪ್ ಮಾಡಿಸಿ ವಿಧಾನಸೌಧಕ್ಕೆ ಕಳಿಸುವ ಸಂಘ ಅವರಿಗಿರಲಿಲ್ಲ. ಬಂಗಲೆಗೆ ನೀರು ನುಗ್ಗಿದವರ ಸಂಕಟ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಮೊಣಕಾಲುದ್ದ ಕೆಸರು ತುಂಬಿಕೊಂಡರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ಆದರೆ ಒಂದೇ ಮಳೆಗಾಲದಲ್ಲಿ ನೆಂದ ಇಬ್ಬರಲ್ಲಿ ಒಬ್ಬರ ನಷ್ಟಕ್ಕೆ ಅಂಕಿ ಸಿಕ್ಕಿತು, ಇನ್ನೊಬ್ಬರ ನಷ್ಟ ಲೆಕ್ಕಕ್ಕೇ ಬರಲಿಲ್ಲ. ಅದು ಹೇಗಾಗುತ್ತದೆ ಎಂಬುದನ್ನು ಇವತ್ತು ನಿಮ್ಮ ಮುಂದೆ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ಇಂಥ ಮಳೆ, ಬರ, ಬಿಸಿಲನ್ನು ತೀವ್ರಗೊಳಿಸುವ ಹವಾಮಾನ ಬದಲಾವಣೆ ಈಗ ಮಾನವ ಹಕ್ಕಿನ ಪ್ರಶ್ನೆ ಎಂದು ದೊಡ್ಡ ದೊಡ್ಡ ಪೀಠಗಳೇ ಒಪ್ಪಿಕೊಂಡಿವೆ. 2022ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಸ್ವಚ್ಛ, ಆರೋಗ್ಯಕರ ಪರಿಸರ ಪ್ರತಿಯೊಬ್ಬ ಮನುಷ್ಯನ ಹಕ್ಕು ಎಂದು ಘೋಷಿಸಿತು. 161 ದೇಶಗಳು ಪರವಾಗಿ ಮತ ಹಾಕಿದವು, ಭಾರತವೂ ಹಾಕಿತು. 2024ರ ಮಾರ್ಚ್ 21ರಂದು ನಮ್ಮ ಸುಪ್ರೀಂ ಕೋರ್ಟು, ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ರಕ್ಷಣೆಗಾಗಿ ಎಂ.ಕೆ. ರಂಜಿತ್‌ಸಿನ್ಹ್ ಹೂಡಿದ್ದ ಮೊಕದ್ದಮೆಯಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿ ಬದುಕುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಗಿರುವ ಹಕ್ಕು ಎಂದಿತು. 21 ಜೀವಿಸುವ ಹಕ್ಕು, 14 ಸಮಾನತೆಯ ಹಕ್ಕು. ಈ 14ನೇ ವಿಧಿಯನ್ನು ಅಲ್ಲಿಗೆ ತಂದದ್ದು ನನ್ನ ಪಾಲಿಗೆ ದೊಡ್ಡ ಮಾತು. ಒಂದು ಪ್ರದೇಶದಲ್ಲಿ ಅನ್ನಕ್ಕೆ, ನೀರಿಗೆ ತತ್ವಾರವಾದರೆ ಉಳ್ಳವರಿಗಿಂತ ಬಡವರೇ ಹೆಚ್ಚು ನರಳುತ್ತಾರೆ, ಹಾಗಾಗಿ ಇದು ಸಮಾನತೆಯ ಪ್ರಶ್ನೆಯೂ ಹೌದು ಎಂಬುದು ನ್ಯಾಯಪೀಠದ ತರ್ಕ. 2025ರ ಜುಲೈನಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ ಹವಾಮಾನದ ವಿಷಯದಲ್ಲಿ ದೇಶಗಳಿಗೆ ಕಾನೂನುಬದ್ಧ ಹೊಣೆ ಇದೆ ಎಂದು ಅಭಿಪ್ರಾಯ ಕೊಟ್ಟಿತು.

ಹಕ್ಕು ಬಂದಿದೆ, ಸರಿ. ಅದನ್ನು ಹೋಗಿ ಕೇಳುವವರು ಯಾರು?

ಸ್ವಿಟ್ಜರ್ಲೆಂಡಿನ ಒಂದು ಸಂಗತಿ ಹೇಳುತ್ತೇನೆ. ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಿರಿಯ ಹೆಂಗಸರು ಸೇರಿ ಸಂಘ ಕಟ್ಟಿಕೊಂಡರು. ಬಿಸಿಗಾಳಿ ಬಂದಾಗ ವಯಸ್ಸಾದ ಹೆಣ್ಣುಮಕ್ಕಳೇ ಹೆಚ್ಚು ಸಾಯುತ್ತೇವೆ, ಸರ್ಕಾರ ಕೈಕಟ್ಟಿ ಕೂತಿದೆ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 2024ರ ಏಪ್ರಿಲ್ 9ರಂದು ಗೆದ್ದರು. ಇದರಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಬಿಡಿಬಿಡಿಯಾಗಿ ಅರ್ಜಿ ಹಾಕಿದ್ದ ನಾಲ್ವರು ಹೆಂಗಸರ ಅರ್ಜಿಗಳನ್ನು ನ್ಯಾಯಾಲಯ ಪರಿಗಣಿಸಲಿಲ್ಲ, ಸಂಘದ ಅರ್ಜಿಯನ್ನು ಮಾತ್ರ ಎತ್ತಿಹಿಡಿಯಿತು. ಆ ಹೆಂಗಸರಿಗೆ ಪೌರತ್ವವಿತ್ತು, ಮನೆ ಇತ್ತು, ವೈದ್ಯರ ಚೀಟಿ ಇತ್ತು, ಸಂಘ ಕಟ್ಟುವಷ್ಟು ಬಿಡುವು ಇತ್ತು. ಅಷ್ಟಿದ್ದೂ ಒಬ್ಬೊಬ್ಬರಾಗಿ ನಿಂತಾಗ ದಾರಿ ಮುಚ್ಚಿಕೊಂಡಿತು. ನಮ್ಮ ಶೆಡ್ಡಿನ ಹೆಣ್ಣುಮಗಳಿಗೆ ಇವುಗಳಲ್ಲಿ ಎಷ್ಟಿವೆ ಎಂದು ನೋಡಬೇಕಾದರೆ ಅವಳು ಹೊರಟ ಊರಿನಿಂದಲೇ ಶುರುಮಾಡಬೇಕು.

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಪರಿಹಾರಕ್ಕಾಗಿ ರಾಜ್ಯ ಸರ್ಕಾರವೇ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಕೇಂದ್ರ ಬರ ಪರಿಹಾರ ಕೊಡದಿರುವುದು ನಮ್ಮ ಜನರ 14 ಮತ್ತು 21ನೇ ವಿಧಿಯ ಹಕ್ಕುಗಳ ಉಲ್ಲಂಘನೆ ಎಂದು ವಾದ ಹೂಡಿತು. ಕೇಳಿದ್ದು 18,171 ಕೋಟಿ ರೂಪಾಯಿ, ಏಪ್ರಿಲ್ ಕೊನೆಗೆ ಬಿಡುಗಡೆಯಾದದ್ದು 3,454 ಕೋಟಿ. ಒಂದು ರಾಜ್ಯವೇ ತನ್ನ ಜನರ ಪರವಾಗಿ ಬರವನ್ನು ಮೂಲಭೂತ ಹಕ್ಕಿನ ಪ್ರಶ್ನೆಯಾಗಿ ಒಯ್ದದ್ದು ಒಳ್ಳೆಯ ಕೆಲಸ, ಅದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ದುಡ್ಡು ಹಳ್ಳಿಗೆ ಬಂದಾಗ ಯಾರ ಖಾತೆಗೆ ಹೋಗುತ್ತದೆ? ಬೆಳೆ ಪರಿಹಾರ ಪಹಣಿ ಇದ್ದವರಿಗೆ, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಹೆಸರು ನೋಂದಾಯಿಸಿದವರಿಗೆ. ಲಾವಣಿಗೆ, ಪಾಲಿಗೆ ಹೊಲ ಮಾಡಿದವರಿಗೆ ಪಹಣಿ ಇಲ್ಲ. ಆ ಕರಾರೆಲ್ಲ ಬಾಯಿಮಾತಿನದು. ಕೂಲಿ ಮಾಡುವವರಿಗಂತೂ ಒಣಗಲು ಸ್ವಂತ ಬೆಳೆಯೇ ಇಲ್ಲ, ಒಣಗಿದ್ದು ಕೂಲಿ. ಹೊಲವಿದ್ದ ಮನೆಯಲ್ಲೂ ಪಹಣಿ ಗಂಡನ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುತ್ತದೆ. ಕೂಲಿಯವರಲ್ಲಿ ದಲಿತರೇ ಹೆಚ್ಚು ಎಂಬುದನ್ನು ಕಲ್ಯಾಣ ಕರ್ನಾಟಕ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಬರ ಎಲ್ಲರಿಗೂ ಬಂತು. ಪರಿಹಾರ ಬರುವಾಗ ಮಾತ್ರ ಭೂಮಿ, ಜಾತಿ, ಹೆಣ್ಣುತನ ಮೂರೂ ಸೇರಿ ಒಂದು ಜರಡಿ ಹಿಡಿದವು. ಜರಡಿಯಿಂದ ಕೆಳಗೆ ಬಿದ್ದವರು ಯಾದಗಿರಿಯಿಂದ ರೈಲು ಹತ್ತಿದರು.

ಬೆಂಗಳೂರಿಗೆ ಬಂದು ಇಳಿದ ಮೇಲೆ ಮೊದಲ ಪ್ರಶ್ನೆ ಮನೆಯದು. ಬಾಡಿಗೆ ಮನೆ ಕೇಳಿಕೊಂಡು ಹೋದರೆ ಮಾಲೀಕರ ಬಾಯಿಂದ ಬರುವ ಮೊದಲ ಮಾತು ನಿಮಗೂ ಗೊತ್ತು: "ನೀವು ಯಾವ ಜನ?" ಉತ್ತರ ಹಿಡಿಸದಿದ್ದರೆ ಮನೆ ಖಾಲಿ ಇಲ್ಲ. ಹಿಡಿಸಿದರೂ ಅಡ್ವಾನ್ಸಿಗೆ ದುಡ್ಡಿಲ್ಲ. ಆಗ ಉಳಿಯುವುದು ಖಾಲಿ ಸೈಟಿನ ಶೆಡ್ಡು. ಅದೂ ಪುಕ್ಕಟೆಯಲ್ಲ, ಜಾಗದ ಮಾಲೀಕರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು. ರಶೀದಿ ಕೇಳುವಂತಿಲ್ಲ. ಇಂಥ ಜಾಗಗಳು ಹೆಚ್ಚಾಗಿ ಸಿಗುವುದು ರಾಜಕಾಲುವೆಯ ಮಗ್ಗುಲಿಗೆ, ಕೆರೆಯಂಗಳದ ತಗ್ಗಿಗೆ. ಅಲ್ಲಿ ಬೇರೆ ಏನೂ ಕಟ್ಟಲಾಗದು, ಅದಕ್ಕೇ ಅಗ್ಗ. ವೈಟ್‌ಫೀಲ್ಡ್ ಸುತ್ತಿನ ಹಳ್ಳಿಗಳನ್ನು ನಗರ ನುಂಗುವ ಮೊದಲೂ ತಗ್ಗಿನ ಕಡೆಗೆ, ಕೆರೆಯ ಕೋಡಿಯ ಕಡೆಗೆ ತಳ್ಳಿಸಿಕೊಂಡಿದ್ದ ದಲಿತರ ಎ.ಕೆ. ಕಾಲೋನಿಗಳುಂಟು. ಹಳೆಯ ಹಳ್ಳಿ ಎಲ್ಲಿಗೆ ತಳ್ಳಿತೋ ಹೊಸ ನಗರವೂ ಅಲ್ಲಿಗೇ ತಳ್ಳಿತು. ಬೆಳ್ಳಂದೂರು ಕೆರೆ ತುಂಬಿ ವರ್ತೂರಿಗೆ, ವರ್ತೂರಿನಿಂದ ದಕ್ಷಿಣ ಪಿನಾಕಿನಿಗೆ ನೀರು ಹರಿಯಬೇಕಾದ ದಾರಿಯಲ್ಲಿ ಕಟ್ಟಡಗಳೆದ್ದು ನೀರು ಹಿಂದೆ ನೂಕಿಸಿಕೊಂಡಾಗ, ಅದು ಮೊದಲು ಹೊಕ್ಕಿದ್ದು ಈ ತಗ್ಗುಗಳನ್ನು.

ಅಂಥ ಒಂದು ಶೆಡ್ಡಿನ ಮುಂದೆ ಕೂತು ಒಬ್ಬ ಹೆಣ್ಣುಮಗಳ ಜೊತೆ ಮಾತಾಡಿದ್ದು ನನಗೆ ಮರೆಯುವುದಿಲ್ಲ. ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆಗೆ ಕಸಮುಸುರೆ ಮಾಡುತ್ತಾಳೆ. ಮಳೆಯ ದಿನ ಏನಾಯಿತು ಎಂದು ಕೇಳಿದೆ. "ರಾತ್ರಿ ಮಲಗಿದಾಗ ಬಂತ್ರೀ ಅಕ್ಕಾ ನೀರು. ಮಕ್ಕಳನ್ನ ಎತ್ಕೊಂಡು ರಸ್ತಾಕ್ಕ ಬಂದ್ವಿ. ಆಧಾರ್ ಕಾರ್ಡ್ ಇಟ್ಟಿದ್ದ ಡಬ್ಬಿನೇ ಹೋಯ್ತು ನೋಡ್ರೀ." ಪರಿಹಾರ ಕೇಳಿದಿರಾ ಅಂದೆ. "ಯಾರಿಗಿ ಕೇಳಬೇಕ್ರೀ? ಅಡ್ರೆಸ್ ಎಲ್ಲಿದು ಅಂತಾರ. ಕಾರ್ಡ್‌ನಾಗ ಊರಿನ ಅಡ್ರೆಸ್ ಅದ. ಊರಾಗ ನೀರ್ ಬಂದಿಲ್ಲಲ್ಲ." ಅವಳು ಕೆಲಸ ಮಾಡುವ ಅಪಾರ್ಟ್‌ಮೆಂಟಿನ ನೆಲಮಾಳಿಗೆಗೂ ನೀರು ನುಗ್ಗಿ ಕರೆಂಟು, ಲಿಫ್ಟು ನಿಂತಿದ್ದವು. ಮನೆಯವರು ಹೋಟೆಲಿಗೆ ಹೋದರು. ಅವರು ವಾಪಸು ಬರುವವರೆಗೆ ಅವಳಿಗೆ ಸಂಬಳವಿಲ್ಲ. ಅಂದರೆ ಅವಳ ಮೇಲೆ ಪ್ರವಾಹ ಎರಡು ಸಲ ಬಂತು: ಒಮ್ಮೆ ತನ್ನ ಶೆಡ್ಡಿಗೆ, ಇನ್ನೊಮ್ಮೆ ಒಡತಿಯ ಮನೆಯ ಮೂಲಕ.

ಊರಲ್ಲಿ ಬೆಳೆ ಒಣಗಿದಾಗ ಅವಳ ಹತ್ತಿರ ಪಹಣಿ ಇರಲಿಲ್ಲ. ಇಲ್ಲಿ ನೀರು ನುಗ್ಗಿದಾಗ ಬಾಡಿಗೆ ಕರಾರು ಇಲ್ಲ. ಅವಳಿರುವ ಜಾಗ ಖಾಸಗಿಯವರದು. 1973ರ ಕೊಳಚೆ ಪ್ರದೇಶ ಕಾಯ್ದೆಯಡಿ ಘೋಷಣೆಯಾಗಿಲ್ಲ, ಹಾಗಾಗಿ ಕೊಳಚೆ ಮಂಡಳಿಯ ಪಟ್ಟಿಯಲ್ಲೂ ಇಲ್ಲ. ಗಂಡ ಗಾರೆ ಕೆಲಸದವನು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಸಿಗಬೇಕಾದರೆ ಹಿಂದಿನ ವರ್ಷದಲ್ಲಿ 90 ದಿನ ದುಡಿದ ದೃಢೀಕರಣ ಬೇಕು. ಇವತ್ತೊಂದು ಸೈಟು ನಾಳೆಯೊಂದು ಸೈಟು ಎಂದು ಅಲೆಯುವವನಿಗೆ ಯಾವ ಮೇಸ್ತ್ರಿ ಸಹಿ ಹಾಕಿಕೊಡುತ್ತಾನೆ? ಕಾಗದಗಳು ಒಂದರ ಬೆನ್ನಿಗೆ ಒಂದು ಇಲ್ಲವಾಗುತ್ತ ಹೋಗುತ್ತವೆ. ಒಂದು ಕಾಗದವಿಲ್ಲದ್ದೇ ಮುಂದಿನದು ಸಿಗದಿರಲು ಕಾರಣವಾಗುತ್ತದೆ. ಹವಾಮಾನದ ಹೊಡೆತ ಯಾರಿಗೆ ಅತಿ ಹೆಚ್ಚು ಬೀಳುತ್ತದೋ ಅವರ ಕೈಯಲ್ಲೇ ಅದನ್ನು ಸಾಬೀತು ಮಾಡುವ ಕಾಗದ ಅತಿ ಕಡಿಮೆ. ನಾನಿವತ್ತು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಕಾಗದವಿದ್ದರೂ ಸಾಲದು ಎಂಬುದನ್ನು 2020ರ ಜನವರಿ ತೋರಿಸಿತು. ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳ ಮೇಲೆ ಜೆಸಿಬಿ ಹರಿಯಿತು. ಅಲ್ಲಿರುವವರು ಬಾಂಗ್ಲಾದೇಶದವರು ಎಂಬ ಸುದ್ದಿ ಹಬ್ಬಿಸಲಾಗಿತ್ತು. ಜನ ಆಧಾರ್, ಮತದಾರರ ಗುರುತಿನ ಚೀಟಿ ಹಿಡಿದು ತೋರಿಸಿದರು. ಉತ್ತರ ಕರ್ನಾಟಕದ ನಮ್ಮವರೂ ಆ ಗುಂಪಿನಲ್ಲಿದ್ದರು. ಕೇಳಿದವರು ಯಾರು? ಕೊನೆಗೆ ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೈಕೋರ್ಟಿಗೆ ಹೋಯಿತು. ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ಅವರಿದ್ದ ಪೀಠ ತೆರವು ಕಾರ್ಯಾಚರಣೆಗೆ ತಡೆ ಕೊಟ್ಟಿತು, ಶೆಡ್ಡು ಕೆಡವಲು ಕಾನೂನಿನ ಆಧಾರ ಎಲ್ಲಿದೆ ಎಂದು ಸರ್ಕಾರವನ್ನು ಕೇಳಿತು. 2022ರ ಪ್ರವಾಹದ ನಂತರವೂ ಮಹದೇವಪುರ ವಲಯದಲ್ಲಿ ರಾಜಕಾಲುವೆ ಒತ್ತುವರಿ ತೆರವಿಗೆ ಜೆಸಿಬಿಗಳು ಬಂದವು. ಕೆಲವರು ತಡೆಯಾಜ್ಞೆ ತಂದರು. ತಡೆಯಾಜ್ಞೆಗೆ ವಕೀಲರು ಬೇಕು, ಪತ್ರ ಬೇಕು, ಮೊದಲೇ ಸುದ್ದಿ ಗೊತ್ತಾಗಬೇಕು. ಪ್ರವಾಹ ತಡೆಯುವ ಕೆಲಸದಲ್ಲೂ ಮೊದಲು ಮನೆ ಕಳೆದುಕೊಳ್ಳುವವರು ಬಡವರೇ ಆಗುವುದು ಹೀಗೆ.

ಇನ್ನು ಬರದ ವರ್ಷದ ನೀರು. 2024ರ ಮಾರ್ಚಿನಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿದವು. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ಆಗಿನ್ನೂ ಕಾವೇರಿ ಸರಿಯಾಗಿ ಮುಟ್ಟಿರಲಿಲ್ಲ. ಟ್ಯಾಂಕರಿನವರು ಬಾಯಿಗೆ ಬಂದ ದರ ಹೇಳತೊಡಗಿದಾಗ ಜಿಲ್ಲಾಡಳಿತ ದರ ಗೊತ್ತುಮಾಡಿತು: ಐದು ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 8,000 ಲೀಟರಿಗೆ 700, 12,000 ಲೀಟರಿಗೆ 1,000. ಸರಿಯಾದ ಕ್ರಮವೇ. ಆದರೆ 6,000 ಲೀಟರ್ ನೀರು ತರಿಸಬೇಕಾದರೆ ಸುರಿಸಿಕೊಳ್ಳಲು ಸಂಪು ಬೇಕಲ್ಲ? ಶೆಡ್ಡಿನಲ್ಲಿರುವುದು ಒಂದು ನೀಲಿ ಡ್ರಮ್ಮು, ನಾಲ್ಕು ಪ್ಲಾಸ್ಟಿಕ್ ಬಿಂದಿಗೆ. ಡ್ರಮ್ಮಿನ ಲೆಕ್ಕದಲ್ಲಿ ಕೊಳ್ಳುವವರಿಗೆ ಆ ಆದೇಶದಲ್ಲಿ ದರವೇ ಇರಲಿಲ್ಲ. ಶುದ್ಧ ನೀರಿನ ಘಟಕದ ಮುಂದೆ ಐದು ರೂಪಾಯಿ ನಾಣ್ಯ ಹಿಡಿದು ಕ್ಯಾನಿನ ಜೊತೆ ಸಾಲು ನಿಂತವರಲ್ಲಿ ಹೆಂಗಸರು, ಮಕ್ಕಳೇ ಹೆಚ್ಚು. ಆ ಸಾಲಿಗೆ ಹೋದ ಹೊತ್ತು ಕೂಲಿಯಲ್ಲಿ, ಶಾಲೆಯಲ್ಲಿ ಕಡಿತವಾಯಿತು. ಆ ವರ್ಷದ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್. ದೊಡ್ಡ ಸಾಧನೆ. ಸಂಪರ್ಕಕ್ಕೆ ಅರ್ಜಿ ಹಾಕಬೇಕಾದವರು ಮಾತ್ರ ಕಟ್ಟಡದ ಮಾಲೀಕರು.

ಪೀಣ್ಯದ ಕಡೆ ಹೋದರೆ ಇದೇ ಕಥೆ ಬಿಸಿಲಿನಲ್ಲಿ ಕಾಣುತ್ತದೆ. 2024ರ ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ದಾಖಲಾಯಿತು. ಆ ಏಪ್ರಿಲಿನಲ್ಲಿ ನಗರದ ಹವಾಮಾನ ಕೇಂದ್ರದಲ್ಲಿ ಒಂದು ಹನಿ ಮಳೆಯೂ ದಾಖಲಾಗಲಿಲ್ಲ. ಆ 38.5 ಡಿಗ್ರಿ ನೆರಳಲ್ಲಿ ಅಳೆದದ್ದು. ಗಾರ್ಮೆಂಟ್ಸ್ ಕಾರ್ಖಾನೆಯ ಐರನಿಂಗ್ ಸೆಕ್ಷನ್ನಿನಲ್ಲಿ, ತಗಡಿನ ಚಾವಣಿಯ ಕೆಳಗೆ, ಹಬೆಯ ಮಧ್ಯೆ ನಿಂತವರ ಬಿಸಿ ಅದರಲ್ಲಿಲ್ಲ. ಟೈಲರ್ ಹೆಣ್ಣುಮಗಳ ಒಂದು ದಿನ ನೋಡಿ. ಲಗ್ಗೆರೆಯಲ್ಲೋ ಹೆಗ್ಗನಹಳ್ಳಿಯಲ್ಲೋ ಶೀಟಿನ ಮನೆ, ರಾತ್ರಿಯೂ ಶೀಟು ಕಾದೇ ಇರುತ್ತದೆ, ನಿದ್ದೆಯಿಲ್ಲ. ನಸುಕಿಗೆ ಎದ್ದು ನಲ್ಲಿ ಬಂದ ಹೊತ್ತಿಗೆ ನೀರು ಹಿಡಿದು, ಅಡುಗೆ ಮುಗಿಸಿ, ಒಂಬತ್ತಕ್ಕೆ ಮಿಷನ್ ಮುಂದೆ ಕೂರಬೇಕು. ಗಂಟೆಗಿಷ್ಟು ಪೀಸು ಎಂದು ಟಾರ್ಗೆಟ್ಟು. ಬಿಸಿಲಿಗೆ ಕೈ ನಿಧಾನವಾದರೂ ಟಾರ್ಗೆಟ್ಟು ಇಳಿಯುವುದಿಲ್ಲ, ಸೂಪರ್‌ವೈಸರ್ ಬೈಗುಳ ಏರುತ್ತದೆ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಹೋದರೆ ಪೀಸು ಕಮ್ಮಿಯಾಗುತ್ತದೆ. ಅದಕ್ಕೇ ನೀರನ್ನೇ ಕುಡಿಯುವುದಿಲ್ಲ. ಮೂತ್ರದ ಸೋಂಕು, ತಲೆಸುತ್ತು ಮಾಮೂಲಾಗುತ್ತವೆ. ತಲೆಸುತ್ತಿ ಬಿದ್ದರೆ ಒಂದು ಲೋಟ ಗ್ಲೂಕೋಸ್ ನೀರು ಕೊಟ್ಟು, ರಕ್ತ ಕಮ್ಮಿ, ಬಿ.ಪಿ. ಕಮ್ಮಿ ಎಂದು ಬರೆದುಕೊಳ್ಳುತ್ತಾರೆ. ಅವಳಿಗೆ ರಕ್ತ ಕಮ್ಮಿ ಇರುವುದೂ ನಿಜ, ಬಿಸಿಲು ಬಡಿದದ್ದೂ ನಿಜ. ರಿಜಿಸ್ಟರಿನಲ್ಲಿ ಬಿಸಿಲಿಗೆ ಕಾಲಂ ಇಲ್ಲ. ಮುಂದೆ ಯಾವ ನ್ಯಾಯಾಧೀಶರೇ ಆಗಲಿ ಸಾಕ್ಷಿ ಎಲ್ಲಿ ಎಂದು ಕೇಳಿದರೆ ತೋರಿಸುವುದೇನನ್ನು?

1948ರ ಕಾರ್ಖಾನೆ ಕಾಯ್ದೆಯನ್ನು ಬರೆದವರು ಇದನ್ನು ಯೋಚಿಸದೆ ಇರಲಿಲ್ಲ. ಕೆಲಸದ ಜಾಗದಲ್ಲಿ ಗಾಳಿ, ಉಷ್ಣತೆ ಸಹನೀಯವಾಗಿರಬೇಕು, 250ಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆ ಬೇಸಿಗೆಯಲ್ಲಿ ತಣ್ಣನೆಯ ಕುಡಿಯುವ ನೀರು ಒದಗಿಸಬೇಕು ಎಂದು ಅಂದೇ ಬರೆದಿಟ್ಟರು. ನೀರು ಇಟ್ಟರೂ ಅದನ್ನು ಕುಡಿಯುವ ಬಿಡುವು ಹೆಣ್ಣಿಗಿದೆಯೇ ಎಂಬುದು ಆ ಕಾಯ್ದೆಗೆ ಹೊಳೆಯಲಿಲ್ಲ. ಪೀಣ್ಯದಲ್ಲಿ ಇನ್ನೊಂದು ತೊಡಕಿದೆ. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಯಂ ಅಲ್ಲಿನ ಅಂತರ್ಜಲಕ್ಕೆ ಇಳಿದಿದೆ. ಬೇಸಿಗೆಯಲ್ಲಿ ಬೇರೆ ನೀರಿಲ್ಲದವರಿಗೆ ಕೊಳವೆಬಾವಿಯೂ ನೆಚ್ಚಿಕೊಳ್ಳುವಂಥದ್ದಲ್ಲ.

ಇಲ್ಲಿ ಅಮೆರಿಕದ ಒಂದು ಹಳೆಯ ಮೊಕದ್ದಮೆ ನೆನಪಾಗುತ್ತದೆ, ಅದೂ ಕಾರ್ಖಾನೆಯದೇ. 1970ರ ದಶಕದಲ್ಲಿ ಜನರಲ್ ಮೋಟರ್ಸ್ ಕಂಪನಿಯ ವಿರುದ್ಧ ಐವರು ಕಪ್ಪು ಹೆಂಗಸರು ನ್ಯಾಯಾಲಯಕ್ಕೆ ಹೋದರು. 1964ಕ್ಕೆ ಮುಂಚೆ ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡೇ ಇರಲಿಲ್ಲ. ಮುಂದೆ ಕೆಲಸಗಾರರನ್ನು ಕಡಿತ ಮಾಡುವಾಗ ಕೊನೆಗೆ ಸೇರಿದವರೇ ಮೊದಲು ಹೋಗಬೇಕು ಎಂದಿತು. ಹೆಂಗಸರ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಕಂಪನಿ ಹೆಂಗಸರನ್ನು ತೆಗೆದುಕೊಂಡಿದೆ, ಹಾಗಾಗಿ ಹೆಣ್ಣೆಂಬ ಭೇದವಿಲ್ಲ. ಬಣ್ಣದ ಭೇದವಿದ್ದರೆ ಅದನ್ನು ಬೇರೆಯಾಗಿ ಕೇಳಿ. ಎರಡನ್ನೂ ಬೆರೆಸಿ ಕೇಳುವಂತಿಲ್ಲ ಎಂದಿತು. ತೆಗೆದುಕೊಂಡಿದ್ದ ಹೆಂಗಸರೆಲ್ಲ ಬಿಳಿಯರು. ಕಿಂಬರ್ಲೆ ಕ್ರೆನ್‌ಶಾ ಎಂಬ ಕಾನೂನು ಪ್ರಾಧ್ಯಾಪಕಿ 1989ರಲ್ಲಿ ಈ ತೀರ್ಪನ್ನು ಎತ್ತಿಕೊಂಡು, ಒಂದರ ಮೇಲೊಂದು ಬೀಳುವ ಅಸಮಾನತೆಗಳನ್ನು ಬಿಡಿಸಿ ನೋಡಿದರೆ ಅದರಡಿ ಸಿಕ್ಕಿದವರೇ ಕಣ್ಮರೆಯಾಗುತ್ತಾರೆ ಎಂದು ವಾದಿಸಿದರು. ನಮ್ಮ ಕಚೇರಿಗಳಲ್ಲಿ ಆಗುವುದೂ ಇದೇ. ಬಿಸಿಲಿನ ದೂರು ಕಾರ್ಮಿಕ ಇಲಾಖೆಗೆ, ಜಾತಿಯ ದೂರು ಸಮಾಜ ಕಲ್ಯಾಣಕ್ಕೆ, ಶೆಡ್ಡಿನ ದೂರು ಪಾಲಿಕೆಗೆ, ಹೆಣ್ಣೆಂಬ ಕಾರಣಕ್ಕೆ ಆದದ್ದು ಮಹಿಳಾ ಮತ್ತು ಮಕ್ಕಳ ಇಲಾಖೆಗೆ. ದಲಿತಳೂ ವಲಸೆ ಬಂದವಳೂ ಗುತ್ತಿಗೆ ಕೆಲಸದವಳೂ ಆದ ಒಬ್ಬಳೇ ಹೆಂಗಸು ಒಂದು ದಿನದ ಕೂಲಿ ಬಿಟ್ಟು ಹೋದರೆ ಯಾವ ಕೌಂಟರಿನ ಮುಂದೆ ನಿಲ್ಲಬೇಕು? ವಾರ್ಡಿನ ಸದಸ್ಯರನ್ನು ಹುಡುಕಿಕೊಂಡು ಹೋಗೋಣವೆಂದರೆ, ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿಗೇ ಮುಗಿದಿತ್ತು. 2022ರ ಪ್ರವಾಹ, 2024ರ ನೀರಿನ ಬರ ಎರಡೂ ಬಂದಾಗ ಬೆಂಗಳೂರಿನ ಒಂದು ವಾರ್ಡಿಗೂ ಕಾರ್ಪೊರೇಟರ್ ಇರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯಲ್ಲಂತೂ ಗಡಿರೇಖೆಯನ್ನೇ ಎಳೆದಿಟ್ಟಿದ್ದೇವೆ. ಆರ್.ಕೆ. ಬಾಳಿಗ ಅವರು ಸರ್ಕಾರಿ ಸಂಸ್ಥೆ ಕಿಯೋನಿಕ್ಸ್ ಮೂಲಕ 1970ರ ದಶಕದ ಕೊನೆಯಲ್ಲಿ ಕಂಡ ಕನಸು ಅದು. 2013ರಿಂದ ಅದಕ್ಕೆ ಎಲ್ಸಿಟಾ ಎಂಬ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ, ತೆರಿಗೆ ಸಂಗ್ರಹವೂ ಖರ್ಚೂ ಆ ಗಡಿಯೊಳಗೇ. ರಸ್ತೆ, ಚರಂಡಿ, ಮರಗಳು ಒಪ್ಪವಾಗಿವೆ, ಬೇರೆಯವರೂ ಕಲಿಯುವಂತಿವೆ. ಆ ಕಟ್ಟಡಗಳನ್ನು ಗುಡಿಸುವ, ಕಾಯುವ, ಅವಕ್ಕೆ ಊಟ ಒದಗಿಸುವ ಕೈಗಳು ರಾತ್ರಿ ಮಲಗುವುದು ದೊಡ್ಡತೋಗೂರು ಪಂಚಾಯಿತಿಯ ಕಡೆಯ ವಠಾರಗಳಲ್ಲಿ. ದುಡಿಮೆ ಗೆರೆಯ ಆಚೆ, ಚರಂಡಿ ಈಚೆ. 2025ರ ಮೇ 19ರ ಮಳೆಯಲ್ಲಿ ನಗರ ಮತ್ತೆ ಮುಳುಗಿದಾಗ ಹಲವು ಕಂಪನಿಗಳು ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸ ಮಾಡಿ ಎಂದವು. ಒಳ್ಳೆಯ ಮಾತು. ಅದೇ ಬೆಳಗ್ಗೆ ವೈಟ್‌ಫೀಲ್ಡ್ ಕಡೆ ಒಂದು ಸಾಫ್ಟ್‌ವೇರ್ ಕಂಪನಿಯ ಕಾಂಪೌಂಡ್ ಗೋಡೆ ಕುಸಿದು ಹೌಸ್‌ಕೀಪಿಂಗ್ ಕೆಲಸದ ಹೆಣ್ಣುಮಗಳೊಬ್ಬಳು ಸತ್ತಳು. ನೆಲ ಒರೆಸುವ ಕೆಲಸವನ್ನು ಮನೆಯಿಂದ ಮಾಡಲಾಗದು.

ಹಾಗಾದರೆ ಇವರು ಹಕ್ಕು ಕೇಳಿ ಗೆದ್ದದ್ದೇ ಇಲ್ಲವೇ? ಗೆದ್ದಿದ್ದಾರೆ. 2016ರ ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಮಿಷನ್ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಭವಿಷ್ಯನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮದ ವಿರುದ್ಧ. ಮರುದಿನ ಅದು ಹೆಬ್ಬಗೋಡಿಗೆ, ಪೀಣ್ಯದ ಜಾಲಹಳ್ಳಿ ಕ್ರಾಸಿಗೆ ಹಬ್ಬಿತು. ಎಲೆಕ್ಟ್ರಾನಿಕ್ ಸಿಟಿಯ ದಾರಿ ನಿಂತಿತು. ಕಲ್ಲು ತೂರಾಟ, ಲಾಠಿ ಪ್ರಹಾರ ಎಲ್ಲ ಆಯಿತು. ಬಸ್ಸು ಸುಟ್ಟದ್ದನ್ನು ನಾನು ಸಮರ್ಥಿಸುವುದಿಲ್ಲ. 19ರ ಸಂಜೆಯೊಳಗೆ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ದೇಶದ ಕೋಟ್ಯಂತರ ಕಾರ್ಮಿಕರ ಉಳಿತಾಯದ ನಿಯಮ ಅವರಿಂದ ಬದಲಾಯಿತು. ಅದೇ ತಿಂಗಳ ಕೊನೆಯ ವಾರ ಬೆಂಗಳೂರಿನಲ್ಲಿ 39.2 ಡಿಗ್ರಿ ದಾಖಲಾಯಿತು, ಏಪ್ರಿಲ್ ತಿಂಗಳ ದಾಖಲೆ. ಆ ಬಿಸಿಲಿಗೆ ಯಾರೂ ಬೀದಿಗಿಳಿಯಲಿಲ್ಲ. ಪಿ.ಎಫ್. ಹಣಕ್ಕೆ ಪಾಸ್‌ಬುಕ್ಕಿತ್ತು, ನಂಬರಿತ್ತು, ತಿಂಗಳು ತಿಂಗಳು ಕಡಿತವಾದ ಲೆಕ್ಕವಿತ್ತು. ತನ್ನದೆಂದು ಬರಹದಲ್ಲಿ ಇದ್ದುದರಿಂದಲೇ ಅದನ್ನು ಕಿತ್ತುಕೊಂಡಾಗ ಎಲ್ಲರಿಗೂ ಒಟ್ಟಿಗೇ ಗೊತ್ತಾಯಿತು. ಬಿಸಿಲು ಕಿತ್ತುಕೊಂಡ ಆರೋಗ್ಯಕ್ಕೆ ಪಾಸ್‌ಬುಕ್ಕಿಲ್ಲ.

ಆದ್ದರಿಂದ ಬರೆದಿಡುವ ಕೆಲಸದಿಂದಲೇ ಶುರುವಾಗಬೇಕು ಎಂದು ನನಗೆ ಅನ್ನಿಸುತ್ತದೆ. ಕಾರ್ಖಾನೆಯ ಒಳಗಿನ ಉಷ್ಣತೆಯನ್ನು ಬೇಸಿಗೆಯಲ್ಲಿ ದಿನವೂ ಅಳೆದು ಗೋಡೆಯ ಮೇಲೆ ಬರೆಯಲಿ. ತಲೆಸುತ್ತಿ ಬಿದ್ದವರ ರಿಜಿಸ್ಟರಿನಲ್ಲಿ ಆ ಹೊತ್ತಿನ ಉಷ್ಣತೆಗೂ ಒಂದು ಕಾಲಂ ಇರಲಿ. ಇಂತಿಷ್ಟು ಡಿಗ್ರಿ ದಾಟಿದರೆ ಟಾರ್ಗೆಟ್ಟು ಇಳಿಯಬೇಕು, ಬಿಡುವು ಕೊಡಬೇಕು ಎಂದು ಸರ್ಕಾರ ನಿಯಮ ಮಾಡಲಿ. ಪ್ರವಾಹ ಪರಿಹಾರದ ಪಟ್ಟಿ ನೀರು ನಿಂತ ಜಾಗದಲ್ಲೇ, ಆ ರಾತ್ರಿ ಅಲ್ಲಿ ಮಲಗಿದ್ದವರ ಹೆಸರಿನಲ್ಲೇ ಆಗಲಿ; ಆಧಾರಿನಲ್ಲಿ ಯಾವ ಊರಿದ್ದರೇನು? ಅಕ್ಕಪಕ್ಕದ ಇಬ್ಬರ ಮಾತು, ಅಂಗನವಾಡಿ ಕಾರ್ಯಕರ್ತೆಯ ಸಹಿ ಸಾಕ್ಷಿಯಾಗಬಹುದು. ಆಗದ ಮಾತೇನೂ ಅಲ್ಲ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆ ತಂದು, ಮಳೆಯಲ್ಲಿ ಬಿಸಿಲಲ್ಲಿ ಪಾರ್ಸೆಲ್ ಹೊತ್ತು ಓಡುವ ಹುಡುಗರಿಗೆ ನೋಂದಣಿ ಸಂಖ್ಯೆ ಕೊಡುತ್ತೇವೆ, ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲು ಮಾಡುತ್ತೇವೆ ಎಂದಿತು. ಹೆಸರಿಲ್ಲದವರಿಗೆ ಹೆಸರು ಕೊಡಲು ಸರ್ಕಾರಕ್ಕೆ ಬರುತ್ತದೆ. ಶೆಡ್ಡಿನವರಿಗೂ ಮನೆಗೆಲಸದವರಿಗೂ ಅದನ್ನು ಮಾಡಲಿ. 2023ರ ನವೆಂಬರಿನಲ್ಲಿ ಆಗಿನ ಪಾಲಿಕೆ ಬಿಬಿಎಂಪಿ ಹೊರತಂದ ಹವಾಮಾನ ಕ್ರಿಯಾ ಯೋಜನೆ 2050ರ ಹೊತ್ತಿಗೆ ಬೆಂಗಳೂರನ್ನು ಇಂಗಾಲ ತಟಸ್ಥ ಮಾಡುವ ಗುರಿ ಇಟ್ಟುಕೊಂಡಿದೆ. ಅಷ್ಟು ದೂರ ನೋಡುವ ನಗರ ತನ್ನ ನಕ್ಷೆಯಲ್ಲಿ ಇವತ್ತಿನ ಶೆಡ್ಡುಗಳನ್ನೂ ಗುರುತಿಸಬೇಕು.

ಕೊನೆಗೆ ವೈಟ್‌ಫೀಲ್ಡ್, ಬೆಳ್ಳಂದೂರು, ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟುಗಳಲ್ಲಿ ಕೂತು ಈ ಮಾತು ಕೇಳುತ್ತಿರುವವರಲ್ಲಿ ಒಂದು ವಿನಂತಿ. ನಿಮ್ಮ ನಿವಾಸಿಗಳ ಸಂಘಕ್ಕೆ ಲೆಟರ್‌ಹೆಡ್ ಇದೆ, ಕಾರ್ಯದರ್ಶಿ ಇದ್ದಾರೆ, ಎಂಜಿನಿಯರ್ ಫೋನ್ ನಂಬರ್ ಇದೆ. ಮುಂದಿನ ಮಳೆಗಾಲಕ್ಕೆ ಮುಂಚೆ ರಾಜಕಾಲುವೆಯ ಹೂಳು ತೆಗೆಯಿರಿ ಎಂದು ನೀವು ಪತ್ರ ಬರೆಯುತ್ತೀರಿ. ಬರೆಯುವ ಮೊದಲು ನಿಮ್ಮ ಮನೆಗೆ ಬರುವ ಕೆಲಸದವರನ್ನು, ಸೆಕ್ಯುರಿಟಿಯವರನ್ನು ಕೂರಿಸಿಕೊಂಡು ಕೇಳಿ: ನೀವಿರುವುದೆಲ್ಲಿ, ಎಷ್ಟು ಶೆಡ್ಡುಗಳಿವೆ, ಹೋದ ಸಲ ಎಲ್ಲಿಯವರೆಗೆ ನೀರು ಬಂತು, ಏನೇನು ಹೋಯಿತು. ಅವರು ಹೇಳಿದ್ದನ್ನು ಅವರ ಹೆಸರಿನಲ್ಲೇ, ಅವರ ಸಹಿ ಅಥವಾ ಹೆಬ್ಬೆಟ್ಟಿನ ಸಮೇತ ಅದೇ ಪತ್ರಕ್ಕೆ ಲಗತ್ತಿಸಿ. ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿ, ಅದರ ಒಂದು ಜೆರಾಕ್ಸ್ ಪ್ರತಿಯನ್ನು ಅವರ ಕೈಗೆ ಕೊಡಿ.